ಶಿಶುಗಳ ಶ್ವಾಸಕೋಶವೈದ್ಯ: ಒಂದು ಶಿಕ್ಷಣದ ಇತಿಹಾಸ

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದೆಂಬುದನ್ನು ವಾಚಕರು ಬಲ್ಲರು. ಶಿಶುವಿನ ಪೋಷಣೆ, ಸ್ತನ್ಯದ ದೋಷಗಳ ಪರಿಹಾರ, ಬಾಲರೋಗಗಳ ಚಿಕಿತ್ಸೆ ಇವೆಲ್ಲವೂ ಅದರಲ್ಲಿ ಅಡಕವಾಗಿದ್ದುವು. ಮಗುವಿನ ದೇಹವು ದೊಡ್ಡವರ ದೇಹದ ಕಿರಿಯ ಪಡಿಯಚ್ಚಲ್ಲ, ಅದಕ್ಕೆ ಬೇರೆಯೇ ಒಂದು ವೈದ್ಯವು ಬೇಕು ಎಂಬ ಅರಿವು ಭರತಖಂಡಕ್ಕೆ ಹೊಸದಲ್ಲ. ಆದರೆ ಮಕ್ಕಳ ವೈದ್ಯರಲ್ಲಿಯೇ ಕೆಲವರು ಶ್ವಾಸಕೋಶವೊಂದನ್ನೇ ತಮ್ಮ ವ್ಯಾಸಂಗದ ವಿಷಯವನ್ನಾಗಿ ಮಾಡಿಕೊಂಡು, ಅದಕ್ಕಾಗಿ ವರ್ಷಗಟ್ಟಲೆ ಶಿಕ್ಷಣ ಪಡೆಯುವ ಪದ್ಧತಿಯು ತೀರ ಈಚಿನದು. ಅದು ಬೆಳೆದು ಬಂದ ದಾರಿಯನ್ನು ಹುಡುಕುತ್ತ ಹೋದರೆ ಪ್ಯಾರಿಸ್, ವಿಯೆನ್ನಾ, ನ್ಯೂಯಾರ್ಕ್ ನಗರಗಳ ದೊಡ್ಡ ಆಸ್ಪತ್ರೆಗಳ ಜೊತೆಗೆ ತುಮಕೂರು ಜಿಲ್ಲೆಯ ಹಳ್ಳಿಗಳೂ ಎದುರಾಗುತ್ತವೆ. ಈ ಜಿಲ್ಲೆಯವರಿಗೇ ಅಷ್ಟಾಗಿ ಪರಿಚಯವಿಲ್ಲದ ಆ ಅಧ್ಯಾಯವನ್ನು ನೆನೆಯುವುದು ಉಚಿತ.

ಶ್ವಾಸಕೋಶಕ್ಕೆ ಮಕ್ಕಳಲ್ಲಿ ಬೇರೆ ವೈದ್ಯರು ಏಕೆ ಬೇಕು ಎಂಬ ಪ್ರಶ್ನೆ ಮೊದಲು ಏಳುವುದು ಸಹಜ. ಹುಟ್ಟಿದ ಮಗುವಿನ ಶ್ವಾಸಕೋಶವು ಇನ್ನೂ ಪೂರ್ಣಗೊಂಡಿರುವುದಿಲ್ಲ. ಅದರೊಳಗಿನ ಗಾಳಿಗೂಡುಗಳ ಸಂಖ್ಯೆಯು ಜನನಾನಂತರದ ವರ್ಷಗಳಲ್ಲಿ ಹಲವು ಮಡಿ ಹೆಚ್ಚುತ್ತದೆ. ಗಾಳಿ ಓಡಾಡುವ ನಾಳಗಳು ಬಹಳ ಕಿರಿದು. ನಾಳದ ಅಗಲವು ಅರ್ಧಕ್ಕೆ ಇಳಿದರೆ ಗಾಳಿಗೆ ಉಂಟಾಗುವ ತಡೆಯು ಸುಮಾರು 16 ಮಡಿಯಾಗುವುದೆಂದು ಭೌತಶಾಸ್ತ್ರದ ನಿಯಮವಿದೆ. ದೊಡ್ಡವರಲ್ಲಿ ಸಣ್ಣ ನೆಗಡಿಯಾಗಿ ಮುಗಿಯುವ ಊತವು ಆರು ತಿಂಗಳ ಕೂಸಿಗೆ ಉಸಿರು ಕಟ್ಟಿಸುವುದಕ್ಕೆ ಇದೇ ಕಾರಣ. ಎಳೆಯ ಪಕ್ಕೆಲುಬುಗಳು ಮೃದುವಾದುದರಿಂದ ಉಸಿರಿಗೆ ಕಷ್ಟವಾದಾಗ ಎದೆಯ ಕೆಳಭಾಗವು ಒಳಕ್ಕೆ ಎಳೆದುಕೊಳ್ಳುತ್ತದೆ. ಮನೆಯ ಹಿರಿಯ ಹೆಂಗಸರು ಇದನ್ನೇ ಪಕ್ಕೆ ಸೆಳೆತವೆಂದು ಗುರುತಿಸಿ ಭಯಪಡುತ್ತಿದ್ದರು. ಎಲ್ಲಕ್ಕೂ ಮಿಗಿಲಾಗಿ, ಮಗುವು ತನ್ನ ನೋವನ್ನು ಹೇಳಲಾರದು, ಕಫವನ್ನು ಉಗುಳಲಾರದು. ಈ ಕೊನೆಯ ಮಾತು ಸಣ್ಣದಾಗಿ ತೋರಿದರೂ ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಯೂರೋಪಿನಲ್ಲಿ ಮಕ್ಕಳಿಗಾಗಿಯೇ ಮೀಸಲಾದ ದೊಡ್ಡ ಆಸ್ಪತ್ರೆಯು ಪ್ಯಾರಿಸಿನಲ್ಲಿ 1802ರಲ್ಲಿ ಸ್ಥಾಪಿತವಾಯಿತು. ಅದರ ನೆರೆಯಲ್ಲಿಯೇ ಇದ್ದ ನೆಕ್ಕರ್ ಆಸ್ಪತ್ರೆಯಲ್ಲಿ ಲೆನೆಕ್ ಎಂಬ ವೈದ್ಯನು 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಇಟ್ಟು ಕೇಳಿ, ಸ್ಟೆತಾಸ್ಕೋಪಿಗೆ ಆದಿಪುರುಷನಾದನು. ಒಂದು ಕಡೆ ಮಕ್ಕಳ ವೈದ್ಯ, ಮತ್ತೊಂದು ಕಡೆ ಎದೆಯ ವೈದ್ಯ; ಎರಡೂ ಅಕ್ಕಪಕ್ಕದ ಕಟ್ಟಡಗಳಲ್ಲಿ ಹುಟ್ಟಿದರೂ ಒಂದಾಗಲು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅವನ್ನು ಒಂದುಗೂಡಿಸಿದುದು ಕ್ಷಯರೋಗ. 1882ರಲ್ಲಿ ರಾಬರ್ಟ್ ಕೋಖನು ಕ್ಷಯಾಣುವನ್ನು ಕಂಡುಹಿಡಿದನು. 1907ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯನಾದ ಪಿರ್ಕೆಯು ಟ್ಯುಬರ್ಕುಲಿನ್ ಎಂಬ ದ್ರವವನ್ನು ಚರ್ಮಕ್ಕೆ ಸೋಕಿಸಿ, ಯಾವ ಮಗುವಿನ ಮೈಯೊಳಗೆ ಕ್ಷಯಾಣು ಸೇರಿದೆಯೆಂಬುದನ್ನು ತಿಳಿಯುವ ವಿಧಾನವನ್ನು ತೋರಿಸಿಕೊಟ್ಟನು. ಮರುವರ್ಷ ಫ್ರಾನ್ಸಿನ ಮಾಂಟೂ ಅದನ್ನು ಚುಚ್ಚುವ ಕ್ರಮದಿಂದ ಸುಧಾರಿಸಿದನು. ನೋಡುವುದಕ್ಕೆ ಆರೋಗ್ಯವಾಗಿರುವ ಮಗುವಿನೊಳಗೂ ರೋಗದ ಬೀಜವಿರಬಹುದು ಎಂಬುದು ಆಗ ಮೊದಲ ಸಲ ಕಣ್ಣಿಗೆ ಕಾಣುವಂತಾಯಿತು.

ನ್ಯೂಯಾರ್ಕಿನ ಬೆಲ್ಲೆವ್ಯೂ ಆಸ್ಪತ್ರೆಯಲ್ಲಿ ಎಡಿತ್ ಲಿಂಕನ್ ಎಂಬ ವೈದ್ಯೆಯು 1922ರಲ್ಲಿ ಮಕ್ಕಳ ಎದೆರೋಗಕ್ಕಾಗಿಯೇ ಒಂದು ಚಿಕಿತ್ಸಾಶಾಲೆಯನ್ನು ಆರಂಭಿಸಿ, ದಶಕಗಳ ಪರ್ಯಂತ ಅದೇ ಮಕ್ಕಳನ್ನು ಬೆನ್ನು ಬಿಡದೆ ನೋಡಿಕೊಂಡಳು. ಸ್ವೀಡನ್ನಿನ ಆರ್ವಿಡ್ ವಾಲ್‌ಗ್ರೆನ್ 1948ರಲ್ಲಿ ಮಕ್ಕಳ ಕ್ಷಯಕ್ಕೆ ಒಂದು ಕಾಲಪಟ್ಟಿಯನ್ನೇ ಬರೆದನು. ಸೋಂಕು ತಗುಲಿದ ಕೆಲವು ತಿಂಗಳೊಳಗೆ ಮಿದುಳಿನ ಪೊರೆಯ ಕ್ಷಯದ ಭಯ, ಅನಂತರ ಕೆಲವು ವರ್ಷಗಳಲ್ಲಿ ಎಲುಬಿನ ಕ್ಷಯದ ಭಯ, ಹೀಗೆ ಯಾವ ಕಾಲದಲ್ಲಿ ವೈದ್ಯನು ಯಾವುದಕ್ಕೆ ಎಚ್ಚರವಾಗಿರಬೇಕೆಂಬುದು ಅದರಿಂದ ಸ್ಪಷ್ಟವಾಯಿತು. ಇವರೆಲ್ಲರ ಶ್ರಮದಿಂದ ಹೊರಬಿದ್ದ ಮುಖ್ಯ ತತ್ತ್ವವು ಒಂದೇ: ಮಗುವಿನ ಕ್ಷಯವು ಬಹುಮಟ್ಟಿಗೆ ಮನೆಯ ದೊಡ್ಡವರಿಂದ ಬಂದುದು. ಆದಕಾರಣ ಮಗುವಿನ ಶ್ವಾಸಕೋಶವನ್ನು ಬಲ್ಲ ವೈದ್ಯನು ಮಗುವಿನ ಮನೆಯನ್ನೂ ಬಲ್ಲವನಾಗಿರಬೇಕು.

ಮೈಸೂರು ಸಂಸ್ಥಾನದಲ್ಲಿಯೂ ಈ ಎರಡು ವಿದ್ಯೆಗಳು ಬೇರೆ ಬೇರೆಯಾಗಿಯೇ ತಲೆಯೆತ್ತಿದುವು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಅವರ ನೆನಪಿಗಾಗಿ ಮೈಸೂರಿನಲ್ಲಿ 1921ರಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವು ಆರಂಭವಾಯಿತು. ಬೆಂಗಳೂರಿನಲ್ಲಿ 1935ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆಯು ತೆರೆಯಿತು. ಅದಕ್ಕೆ ದೊರೆತುದು ಮಹಾರಾಜರ ತಾಯಿಯವರ ಹೆಸರು. ಶ್ವಾಸಕೋಶದ ಆಸ್ಪತ್ರೆಗೆ ಮಗಳ ಹೆಸರು, ಮಕ್ಕಳ ಆಸ್ಪತ್ರೆಗೆ ತಾಯಿಯ ಹೆಸರು. ಆದರೂ ಅಲ್ಲಿನ ವಿದ್ಯೆಗಳು ಒಂದೇ ಮನೆಯವಾಗಲಿಲ್ಲ. 1917ರಲ್ಲಿ ಬೆಂಗಳೂರಿನಲ್ಲಿ ಶಾಲೆಯಾಗಿ ಮೊದಲಾಗಿ, 1924ರಲ್ಲಿ ಕಾಲೇಜಾಗಿ, 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡ ವೈದ್ಯಕೀಯ ವಿದ್ಯಾಲಯವು ಸಂಸ್ಥಾನಕ್ಕೆ ವೈದ್ಯರನ್ನು ಒದಗಿಸುತ್ತಿದ್ದಿತು. ಕ್ಷಯದಲ್ಲಿ ಹೆಚ್ಚಿನ ಅನುಭವಕ್ಕೆ ಹೆಸರಾಗಿದ್ದುದು ಮೈಸೂರಿನ ಗಡಿಗೆ ಸಮೀಪದ ಮದನಪಲ್ಲಿಯ ಬಳಿಯ ಆರೋಗ್ಯವರ. 1912ರಲ್ಲಿ ಮೊದಲಾದ ಆ ಆರೋಗ್ಯಧಾಮವನ್ನು ಡೆನ್ಮಾರ್ಕಿನ ವೈದ್ಯರಾದ ಫ್ರಿಮೊಡ್ಟ್ ಮೊಲ್ಲರ್ ಅವರು ಬೆಳೆಯಿಸಿದರು. ಆರೋಗ್ಯಧಾಮದ ಪದ್ಧತಿಯೆಂದರೆ ರೋಗಿಯನ್ನು ಊರಿನಿಂದ ದೂರವಿರಿಸಿ ಒಳ್ಳೆಯ ಗಾಳಿ, ಊಟ, ವಿಶ್ರಾಂತಿಗಳನ್ನು ಕೊಡುವುದು. ಅಲ್ಲಿ ಕಲಿತ ವೈದ್ಯನ ಕಣ್ಣೆದುರಿಗೆ ಬರುತ್ತಿದ್ದವನು ಬಹುಮಟ್ಟಿಗೆ ವಯಸ್ಕ ರೋಗಿ. ಅವನು ಬಿಟ್ಟುಬಂದ ಮನೆಯಲ್ಲಿ ಅವನ ಮಗ್ಗುಲಲ್ಲಿ ಮಲಗುತ್ತಿದ್ದ ಕೂಸು ವೈದ್ಯನಿಗೆ ಕಾಣುತ್ತಿರಲಿಲ್ಲ.

ಸ್ವಾತಂತ್ರ್ಯಾನಂತರ ಹೊಸ ಔಷಧಗಳು ಬಂದುವು. ಮನೆಯಲ್ಲಿಯೇ ಇದ್ದುಕೊಂಡು ಔಷಧ ಸೇವಿಸಿದರೂ ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣವಾಗುವುದೆಂದು ಮದರಾಸಿನಲ್ಲಿ ನಡೆದ ಪ್ರಯೋಗವು 1959ರಲ್ಲಿ ಸ್ಥಿರಪಡಿಸಿತು. ಗುಣಪಡಿಸುವ ಕೆಲಸವು ಊರಿಗೆ ಬರಬಹುದಾದರೆ ವೈದ್ಯನ ಶಿಕ್ಷಣವೂ ಊರಿಗೆ ಬರಬೇಕಲ್ಲವೆ? ಈ ಉದ್ದೇಶದಿಂದಲೇ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಗಿ, 1960ನೆಯ ಇಸವಿ ಸೆಪ್ಟೆಂಬರ್ 16ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಗೊಂಡಿತು. ಜಿಲ್ಲೆ ಜಿಲ್ಲೆಗೂ ವೈದ್ಯಾಧಿಕಾರಿ, ಚಿಕಿತ್ಸಾವ್ಯವಸ್ಥಾಪಕ, ಪ್ರಯೋಗಶಾಲೆಯ ಹಾಗೂ ಕ್ಷಕಿರಣದ ತಂತ್ರಜ್ಞರು, ಬಿ. ಸಿ. ಜಿ. ತಂಡದ ನಾಯಕ, ಲೆಕ್ಕಗಾರ ಹೀಗೆ ಒಂದು ತಂಡವನ್ನು ಒಟ್ಟಾಗಿಯೇ ತರಬೇತುಗೊಳಿಸಿ ಕಳುಹಿಸುವುದು ಅದರ ಕೆಲಸ. ಒಬ್ಬ ಪಂಡಿತನನ್ನಲ್ಲ, ಒಂದು ಕೈಕೂಡಿದ ತಂಡವನ್ನು ತಯಾರಿಸಬೇಕೆಂಬ ಈ ಕಲ್ಪನೆಯು ಆ ಕಾಲಕ್ಕೆ ಹೊಸದು.

ತಂಡಕ್ಕೆ ಏನನ್ನು ಕಲಿಸಬೇಕು ಎಂಬುದನ್ನು ತಿಳಿಯಲು ಮೊದಲು ಹಳ್ಳಿಯಲ್ಲಿ ರೋಗವು ಹೇಗಿದೆಯೆಂದು ತಿಳಿಯಬೇಕಾಗಿತ್ತು. ಅದಕ್ಕಾಗಿ ಆರಿಸಿಕೊಂಡುದು ತುಮಕೂರು ಜಿಲ್ಲೆಯನ್ನು. 1960–61ರಲ್ಲಿ ಸಂಸ್ಥೆಯ ತಂಡಗಳು ಚೀಟಿ ಎತ್ತಿದಂತೆ ಆರಿಸಿದ ಹಳ್ಳಿಗಳಿಗೂ ಪಟ್ಟಣದ ಕೆಲವು ಭಾಗಗಳಿಗೂ ಹೋಗಿ, ಮನೆ ಮನೆಯ ಜನರನ್ನು ಬರೆದುಕೊಂಡು, ಟ್ಯುಬರ್ಕುಲಿನ್ ಚುಚ್ಚಿ, ಕ್ಷಕಿರಣದ ಚಿತ್ರ ತೆಗೆದು, ಸಂದೇಹವಿದ್ದವರ ಕಫವನ್ನು ಪರೀಕ್ಷಿಸಿದುವು. ಸಾವಿರ ಜನರಲ್ಲಿ ಸುಮಾರು 4 ಮಂದಿಯ ಕಫದಲ್ಲಿ ಕ್ಷಯಾಣುಗಳು ಕಂಡುಬಂದುವು. ಮಕ್ಕಳ ವಿಷಯದಲ್ಲಿ ತಿಳಿದುದು ಇನ್ನೂ ಬೋಧಪ್ರದವಾಗಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 2, ಐದರಿಂದ ಒಂಬತ್ತರವರೆಗೆ ಸುಮಾರು 8, ಹತ್ತರಿಂದ ಹದಿನಾಲ್ಕರವರೆಗೆ ಸುಮಾರು 16 ಮಕ್ಕಳಿಗೆ ಸೋಂಕು ತಗುಲಿತ್ತು. ಅಂದರೆ ಮಗು ಬೆಳೆದಂತೆಲ್ಲ ಕ್ಷಯವೂ ಅದರ ಬೆನ್ನ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಬರುತ್ತಿದ್ದಿತು. ಈ ಏರಿಕೆಯು ಆಸ್ಪತ್ರೆಯಲ್ಲಿ ಕುಳಿತವರಿಗೆ ಎಂದಿಗೂ ಕಾಣುವಂತಹುದಲ್ಲ.

ಇದೇ ಜಿಲ್ಲೆಯಲ್ಲಿ ಸಮಾಜಶಾಸ್ತ್ರವನ್ನು ಬಲ್ಲ ವೈದ್ಯರಾದ ಡಿ. ಬ್ಯಾನರ್ಜಿ ಅವರೂ ಸ್ಟಿಗ್ ಆಂಡರ್ಸನ್ ಅವರೂ ಮತ್ತೊಂದು ವಿಚಾರಣೆಯನ್ನು ನಡೆಸಿ 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರು ಅಜ್ಞರು, ರೋಗ ಬಂದರೂ ಅವರಿಗೆ ತಿಳಿಯುವುದಿಲ್ಲ, ತಿಳಿದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ವಿದ್ಯಾವಂತರಲ್ಲಿ ರೂಢಿಯಾಗಿದ್ದ ಮಾತು. ವಿಚಾರಣೆಯಿಂದ ತಿಳಿದುದೇ ಬೇರೆ. ಕ್ಷಯರೋಗಿಗಳಲ್ಲಿ ನೂರಕ್ಕೆ 95 ಮಂದಿಗೆ ತಮ್ಮ ಮೈಯಲ್ಲಿ ಕಂಡ ಲಕ್ಷಣಗಳ ಅರಿವಿದ್ದಿತು. 72 ಮಂದಿ ಅದರಿಂದ ಚಿಂತೆಗೊಳಗಾಗಿದ್ದರು. 52 ಮಂದಿ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಹೋದವರಿಗೆ ಅನೇಕ ಕಡೆ ದೊರೆತುದು ಕೆಮ್ಮಿನ ಔಷಧದ ಒಂದು ಸೀಸೆ ಮಾತ್ರ. ರೋಗಿಯು ವೈದ್ಯನನ್ನು ಹುಡುಕಿಕೊಂಡು ಬಂದಿದ್ದನು. ವೈದ್ಯನೇ ರೋಗವನ್ನು ಹುಡುಕಲಿಲ್ಲ. ಶಿಕ್ಷಣವು ಬೇಕಾಗಿದ್ದುದು ರೋಗಿಗಿಂತ ಹೆಚ್ಚಾಗಿ ವೈದ್ಯನಿಗೆ ಎಂಬ ಈ ನಿರ್ಣಯವು 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಆ ವರ್ಷಗಳಲ್ಲಿ ಭಾರತದ ಕ್ಷಯಕಾರ್ಯದಲ್ಲಿ ದುಡಿದ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ ಅವರು 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಾಧಿಕಾರಿಯಾದರು. ಪ್ರಾಥಮಿಕ ಆರೋಗ್ಯರಕ್ಷಣೆಯನ್ನು ಸರ್ವರಿಗೂ ಒದಗಿಸಬೇಕೆಂದು ಸಾರಿದ 1978ರ ಆಲ್ಮಾ ಆಟಾ ಸಮ್ಮೇಳನವು ನಡೆದುದು ಅವರ ಅಧಿಕಾರಕಾಲದಲ್ಲಿಯೇ.

ಹೀಗೆ ಕೆಮ್ಮುತ್ತ ಬಂದವನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ನಿಶ್ಚಯಿಸುವುದು ಕಾರ್ಯಕ್ರಮದ ಮೂಲಸೂತ್ರವಾಯಿತು. ಅದು ಸುಲಭ, ಅಗ್ಗ, ಹಳ್ಳಿಯ ಆಸ್ಪತ್ರೆಯಲ್ಲಿಯೂ ಸಾಧ್ಯ. ದೊಡ್ಡವರಿಗೆ ಇದರಿಂದ ಆದ ಉಪಕಾರವು ಬಹಳ. ಆದರೆ ಮೊದಲೇ ಹೇಳಿದಂತೆ ಮಗುವು ಕಫವನ್ನು ಉಗುಳದು, ನುಂಗಿಬಿಡುತ್ತದೆ. ಮಗುವಿನ ಕ್ಷಯದಲ್ಲಿ ಕ್ಷಯಾಣುಗಳ ಸಂಖ್ಯೆಯೂ ಕಡಮೆ; ರೋಗವು ಹಲವು ವೇಳೆ ಶ್ವಾಸನಾಳದ ಪಕ್ಕದ ಗ್ರಂಥಿಗಳಲ್ಲಿ ಅಡಗಿರುತ್ತದೆ. ಬೆಳಗಿನ ಜಾವ ಮಗುವಿಗೆ ಏನನ್ನೂ ತಿನ್ನಿಸುವ ಮೊದಲು ಮೂಗಿನ ಮೂಲಕ ಹೊಟ್ಟೆಗೆ ಸಣ್ಣ ನಳಿಗೆಯನ್ನಿಳಿಸಿ, ರಾತ್ರಿಯೆಲ್ಲ ನುಂಗಿದ ಕಫವನ್ನು ಹೊರತೆಗೆದು ಪರೀಕ್ಷಿಸಬೇಕಾಗುತ್ತಿತ್ತು. ಇದನ್ನು ಮಾಡಬಲ್ಲವರು ತಾಲ್ಲೂಕಿನ ಆಸ್ಪತ್ರೆಗಳಲ್ಲಿ ವಿರಳ. ಪರಿಣಾಮವಾಗಿ ತುಮಕೂರಿನ ಮಕ್ಕಳ ಸೋಂಕನ್ನು ಅಷ್ಟು ಸ್ಪಷ್ಟವಾಗಿ ಎಣಿಸಿ ತೋರಿಸಿದ ಶಾಸ್ತ್ರವೇ ಚಿಕಿತ್ಸೆಯ ಕಾಲದಲ್ಲಿ ಮಗುವನ್ನು ನೆರಳಿನಲ್ಲಿ ನಿಲ್ಲಿಸಿದಂತಾಯಿತು. ಎಳೆಯ ಮಗುವಿನಲ್ಲಿ ಸೋಂಕು ಅಪರೂಪವಾದರೂ ತಗುಲಿದಾಗ ಮಿದುಳಿನ ಪೊರೆಗೆ ಹರಡುವ ಅಪಾಯವು ಹೆಚ್ಚು. ಬಿ. ಸಿ. ಜಿ. ಚುಚ್ಚುಮದ್ದು ಈ ಘೋರರೂಪಗಳಿಂದ ಶಿಶುವನ್ನು ಬಹಳಮಟ್ಟಿಗೆ ಕಾಪಾಡುವುದಾದರೂ ಸೋಂಕಿನ ಬಾಗಿಲನ್ನೇ ಮುಚ್ಚಲಾರದು. ಕಫವು ಹೇಳದುದನ್ನು ಓದಬಲ್ಲ ವೈದ್ಯನೊಬ್ಬನು ಬೇಕೆಂಬ ಕೊರತೆಯು ಹೀಗೆ ಉಳಿಯಿತು.

ಆ ಕೊರತೆಯನ್ನು ತುಂಬುವ ಶಿಕ್ಷಣವು ಮೊದಲು ಅಮೆರಿಕದಲ್ಲಿ ವ್ಯವಸ್ಥಿತ ರೂಪವನ್ನು ಪಡೆಯಿತು. ವರ್ಜೀನಿಯಾದ ಎಡ್ವಿನ್ ಕೆಂಡಿಗ್ ಅವರು 1967ರಲ್ಲಿ ಮಕ್ಕಳ ಶ್ವಾಸಾಂಗರೋಗಗಳ ಮೇಲೆ ಬೃಹದ್ಗ್ರಂಥವೊಂದನ್ನು ಸಂಪಾದಿಸಿದರು. ಅಷ್ಟರಲ್ಲಿ ವಿಷಯವು ಕ್ಷಯವನ್ನು ದಾಟಿ ಬೆಳೆದಿದ್ದಿತು. ಮಂದವಾದ ಕಫದಿಂದ ಶ್ವಾಸಕೋಶವನ್ನು ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ವಂಶಾನುಗತ ರೋಗವನ್ನು ಡೊರೊಥಿ ಆಂಡರ್ಸನ್ 1938ರಲ್ಲಿ ವಿವರಿಸಿದ್ದಳು. ಅವಧಿಗೆ ಮುನ್ನ ಹುಟ್ಟಿದ ಕೂಸಿನ ಶ್ವಾಸಕೋಶವು ಒಂದು ಜಿಡ್ಡಿನ ಪದಾರ್ಥದ ಅಭಾವದಿಂದ ಕುಗ್ಗಿಹೋಗುವುದೆಂದು ಮೇರಿ ಎಲೆನ್ ಏವರಿ 1959ರಲ್ಲಿ ತೋರಿಸಿಕೊಟ್ಟಿದ್ದಳು. 1986ರಲ್ಲಿ ಅಮೆರಿಕದ ಮಕ್ಕಳ ವೈದ್ಯಮಂಡಲಿಯು ಈ ಶಾಖೆಗೆ ಪ್ರತ್ಯೇಕ ಪರೀಕ್ಷೆಯನ್ನು ಮೊದಲುಮಾಡಿತು. ಭಾರತದಲ್ಲಿ ಈ ಶತಮಾನದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯೇ ಮೊದಲಾದ ಕೆಲವು ಕಡೆ ಮಕ್ಕಳ ಶ್ವಾಸಕೋಶವೈದ್ಯದಲ್ಲಿ ಡಿ. ಎಂ. ಪದವಿಗೆ ಶಿಕ್ಷಣವು ದೊರೆಯುತ್ತಿದೆ. ಎಂ. ಬಿ. ಬಿ. ಎಸ್. ಮುಗಿಸಲು ಐದೂವರೆ ವರ್ಷ, ಮಕ್ಕಳ ವೈದ್ಯದಲ್ಲಿ ಎಂ. ಡಿ.ಗೆ ಮೂರು ವರ್ಷ, ಅದರ ಮೇಲೆ ಇದಕ್ಕೆ ಮೂರು ವರ್ಷ. ಒಟ್ಟು ಹನ್ನೊಂದೂವರೆ ವರ್ಷಗಳ ತಪಸ್ಸು. ಸಣ್ಣ ನಾಳದೊಳಗೆ ದರ್ಶಕಯಂತ್ರವನ್ನಿಳಿಸಿ ನೋಡುವುದು, ಉಸಿರಿನ ಬಲವನ್ನು ಅಳೆಯುವುದು, ಉಬ್ಬಸದ ಮಗುವಿಗೆ ಇನ್‌ಹೇಲರಿನ ಔಷಧವನ್ನು ನಡುವೆ ಒಂದು ಕೊಳವೆಯನ್ನಿಟ್ಟು ಸೇರಿಸುವುದು, ಕೃತಕ ಉಸಿರಾಟದ ಯಂತ್ರವನ್ನು ನಡೆಸುವುದು, ಮಗುವಿನಿಂದ ದೊರೆತ ಅತ್ಯಲ್ಪ ದ್ರವದಲ್ಲಿಯೂ ಕ್ಷಯಾಣುವಿನ ಬೀಜಾಂಶವನ್ನು ಹುಡುಕುವ ಹೊಸ ಪರೀಕ್ಷೆಯನ್ನು ಅರ್ಥಮಾಡಿಕೊಳ್ಳುವುದು, ಇವೆಲ್ಲ ಅದರಲ್ಲಿ ಸೇರಿವೆ.

ಇಂತಹ ವಿಶೇಷಜ್ಞರಿಂದ ಬಡದೇಶಕ್ಕೆ ಏನು ಲಾಭ ಎಂದು ಕೇಳುವವರುಂಟು. ಸಾಮಾನ್ಯ ಚಿಕಿತ್ಸೆಯೇ ಎಲ್ಲರಿಗೂ ದೊರೆಯದಿರುವಲ್ಲಿ ಕೆಲವರಿಗೆ ಇಷ್ಟು ದೀರ್ಘವಾದ ಶಿಕ್ಷಣವು ಆಡಂಬರವಲ್ಲವೆ ಎಂಬುದು ಅವರ ವಾದ. ಈ ವಾದವು ತಳ್ಳಿಹಾಕುವಂತಹುದಲ್ಲ. ಮಕ್ಕಳನ್ನು ಕ್ಷಯಕ್ಕಿಂತಲೂ ಹೆಚ್ಚಾಗಿ ಕೊಂಡೊಯ್ಯುವುದು ನ್ಯುಮೋನಿಯಾ. ಅದರ ಕಾಟವನ್ನು ತಗ್ಗಿಸಿದ ಒಂದು ದೊಡ್ಡ ಉಪಾಯಕ್ಕೆ ಯಂತ್ರವೇ ಬೇಕಾಗಲಿಲ್ಲ. ಪಪುವಾ ನ್ಯೂಗಿನಿಯಲ್ಲಿ ದುಡಿದ ಫ್ರಾಂಕ್ ಶಾನ್ ಮೊದಲಾದ ವೈದ್ಯರು, ಕೆಮ್ಮುವ ಮಗುವಿನ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಿದರೆ ನ್ಯುಮೋನಿಯಾವನ್ನು ಬಹುಮಟ್ಟಿಗೆ ಗುರುತಿಸಬಹುದೆಂದು ತೋರಿಸಿಕೊಟ್ಟರು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿನಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಉಸಿರು ಇಷ್ಟನ್ನು ಮುಟ್ಟಿದರೆ ಅಥವಾ ಮೀರಿದರೆ ತಡಮಾಡಬಾರದು. ಪಕ್ಕೆ ಸೆಳೆಯುತ್ತಿದ್ದರಂತೂ ಒಡನೆಯೇ ವೈದ್ಯರಲ್ಲಿಗೆ ಒಯ್ಯಬೇಕು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ ಬಂಗ್, ರಾಣಿ ಬಂಗ್ ದಂಪತಿಗಳು ಹಳ್ಳಿಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಇದನ್ನು ಕಲಿಸಿದರು. ದೊಡ್ಡ ಸಂಖ್ಯೆಯನ್ನು ಎಣಿಸಲಾರದವರಿಗಾಗಿ ಮರಳುಗಡಿಯಾರವನ್ನೂ ಮಣಿಗಳನ್ನೂ ಜೋಡಿಸಿದ ಒಂದು ಸಾಧನವನ್ನೇ ರಚಿಸಿದರು. ಹತ್ತು ಉಸಿರಿಗೆ ಒಂದು ಮಣಿಯಂತೆ ಸರಿಸಿದರೆ ಸಾಕು. 1990ರಲ್ಲಿ ಪ್ರಕಟವಾದ ಅವರ ವರದಿಯಂತೆ ಆ ಹಳ್ಳಿಗಳಲ್ಲಿ ನ್ಯುಮೋನಿಯಾದಿಂದಾದ ಶಿಶುಮರಣವು ನೆರೆಯ ಹಳ್ಳಿಗಳಿಗಿಂತ ಅರ್ಧಕ್ಕೂ ಕಡಮೆಯಾಗಿದ್ದಿತು.

ಹಾಗಾದರೆ ವಿಶೇಷಜ್ಞನು ಬೇಡವೆ? ಈ ಕಥೆಯಿಂದ ಹೊರಡುವ ಅರ್ಥವು ಹಾಗಲ್ಲ. ಯಾವ ವಯಸ್ಸಿನ ಮಗುವಿನ ಉಸಿರು ಎಷ್ಟಿದ್ದರೆ ಅಪಾಯವೆಂದು ನಿರ್ಣಯಿಸಿದವರು ಮಗುವಿನ ಶ್ವಾಸಕೋಶವನ್ನೇ ವ್ರತವಾಗಿ ಅಭ್ಯಸಿಸಿದವರು. ಅವರ ಪಾಂಡಿತ್ಯವು ಸೂಲಗಿತ್ತಿಯ ಕೈಯ ಮಣಿಯಾಗಿ ಇಳಿದು ಬಂದಿತು. ಎರಡು ತಿಂಗಳು ಕಳೆದರೂ ಬಿಡದ ಕೆಮ್ಮು, ಮೇಲಿಂದ ಮೇಲೆ ಮರುಕಳಿಸುವ ನ್ಯುಮೋನಿಯಾ, ಔಷಧಕ್ಕೆ ಬಗ್ಗದ ಉಬ್ಬಸ, ಇವುಗಳೆದುರಿಗೆ ಮಣಿಯೆಣಿಕೆಯು ಸಾಲದು. ಅಲ್ಲಿ ಪಂಡಿತನೇ ಬೇಕು. ಪ್ರಶ್ನೆಯಿರುವುದು ಅವನಿಗೂ ಮೊದಲನೆಯ ವೈದ್ಯನಿಗೂ ನಡುವಣ ಸೇತುವೆಯಲ್ಲಿ.

ತುಮಕೂರು ಜಿಲ್ಲೆಯನ್ನೇ ನೋಡಬಹುದು. ತುಮಕೂರಿನಲ್ಲಿ 1988ರಿಂದ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ನಗರದೊಳಗೆ ಬೆರೆತುಹೋಗಿರುವ ಶೆಟ್ಟಿಹಳ್ಳಿಯ ತಾಯಿಗೆ ಆಸ್ಪತ್ರೆ ಹತ್ತಿರ; ಬೆಂಗಳೂರು ಸುಮಾರು 70 ಕಿಲೋಮೀಟರು. ಗುಬ್ಬಿ, ಕುಣಿಗಲ್ಲುಗಳ ಒಳಹಳ್ಳಿಗಳಿಂದ ಹೊರಡುವವಳಿಗೆ ದಾರಿ ಇನ್ನೂ ಸುತ್ತು. ಪಾವಗಡದ ಕಡೆಯವಳಿಗೆ ಅದು ಒಂದು ಪ್ರಯಾಣವೇ ಸರಿ. ಹನ್ನೊಂದೂವರೆ ವರ್ಷ ಓದಿದ ವೈದ್ಯರು ಊರೂರಿಗೂ ಬರುವುದು ಅಸಾಧ್ಯ. ಬರಲೆಂದು ನಿರೀಕ್ಷಿಸುವುದೂ ಯುಕ್ತವಲ್ಲ. ಆದರೆ ಅವರು ಕಲಿತುದು ಊರಿನ ವೈದ್ಯನ ಕಿವಿಗೂ ಕಣ್ಣಿಗೂ ಬರಬಹುದು. ಮನೆಯಲ್ಲಿ ದೊಡ್ಡವರಾರಿಗಾದರೂ ಬಹುದಿನದ ಕೆಮ್ಮಿದೆಯೆ ಎಂದು ಮಗುವಿನ ತಾಯಿಯನ್ನು ಕೇಳುವುದು, ಕ್ಷಯವೆಂದು ತಿಳಿದ ದೊಡ್ಡವನ ಮನೆಗೆ ಹೋಗಿ ಮಕ್ಕಳನ್ನು ನೋಡುವುದು, ಅಂಗಿಯನ್ನು ಎತ್ತಿ ಎದೆಯನ್ನು ಕಂಡು ಒಂದು ನಿಮಿಷ ಉಸಿರನ್ನೆಣಿಸುವುದು, ಇವಕ್ಕೆ ಯಂತ್ರವೂ ಬೇಡ, ಪದವಿಯೂ ಬೇಡ, ಕಲಿಸುವವರು ಬೇಕು.

1960–61ರಲ್ಲಿ ಈ ಜಿಲ್ಲೆಯ ಹಳ್ಳಿಗರು ತಮ್ಮ ಕೆಮ್ಮನ್ನು ತಾವು ಬಲ್ಲೆವೆಂದೂ ಅದಕ್ಕಾಗಿ ಆಸ್ಪತ್ರೆಗೆ ಹೋಗಿದ್ದೆವೆಂದೂ ಹೇಳಿದರು. ವೈದ್ಯಶಿಕ್ಷಣಕ್ಕೆ ಅವರು ಕೊಟ್ಟ ಪಾಠವು ಅದೇ. ಆದರೆ ಅವರು ತಮ್ಮ ಮಾತನ್ನು ತಾವೇ ಹೇಳಬಲ್ಲ ದೊಡ್ಡವರು. ಹೇಳಲಾರದ ಮಗುವಿನ ಪರವಾಗಿ ಹೇಳುವವಳು ತಾಯಿ. ಪಕ್ಕೆ ಸೆಳೆಯುತ್ತಿದೆಯೆಂದು ಅವಳು ನುಡಿದಾಗ ಅದನ್ನು ಹೆಂಗಸಿನ ಗಾಬರಿಯೆಂದು ತಳ್ಳದೆ, ರೋಗದ ಮೊದಲನೆಯ ವರದಿಯೆಂದು ಸ್ವೀಕರಿಸುವ ವೈದ್ಯನನ್ನು ತಯಾರಿಸಿದಂದು, ಪ್ಯಾರಿಸಿನಲ್ಲಿ ಮೊದಲಾಗಿ ತುಮಕೂರಿನ ಮೂಲಕ ಹಾದುಬಂದ ಈ ಶಿಕ್ಷಣವು ತನ್ನ ಉದ್ದೇಶವನ್ನು ಸೇರಿದಂತಾಗುವುದು.